ಬಿಡುವಿನ ಕೆಲಸವೆಂಬ ಮಿಥ್ಯೆ

ಒಂದು ಕೆಲಸದ ಬೆಲೆಯನ್ನು ಇಳಿಸಬೇಕೆಂದಿರುವವರು ಮೊದಲು ಅದರ ಹೆಸರನ್ನು ಇಳಿಸುತ್ತಾರೆ. ಕೂಲಿಯನ್ನು ಕೊಡಲೊಲ್ಲದವರು ಅದನ್ನು ಸೇವೆಯೆನ್ನುತ್ತಾರೆ; ವಿದ್ಯೆಯೆಂದು ಒಪ್ಪಲೊಲ್ಲದವರು ಹವ್ಯಾಸವೆನ್ನುತ್ತಾರೆ; ಹೆಂಗಸರ ಕೈಯಿಂದ ಆದುದಾದರಂತೂ ‘ಬಿಡುವಿನ ಕೆಲಸ’ವೆಂದುಬಿಟ್ಟರೆ ತೀರಿತು, ಮುಂದೆ ಲೆಕ್ಕ ಕೇಳುವವರೇ ಇರುವುದಿಲ್ಲ. ಕ್ರೋಶಾ ಹೆಣಿಗೆಗೆ ಕನ್ನಡನಾಡಿನ ವಿದ್ಯಾವಂತ ಮನೆತನಗಳಲ್ಲಿ ಸಂದಿರುವ ಗೌರವ ಇಷ್ಟೇ. ಅಜ್ಜಿಯ ಕಾಲದಲ್ಲಿ ರೇಡಿಯೋ ಪೆಟ್ಟಿಗೆಗೆ ಮುಸುಕು, ತಾಯಿಯ ಕಾಲದಲ್ಲಿ ಟೀಪಾಯಿಗೂ ಟೆಲಿವಿಷನ್ನಿಗೂ ಹೊದಿಕೆ, ಮಗಳ ಕಾಲದಲ್ಲಿ ಸೀರೆಯ ಸೆರಗಿಗೆ ಕುಚ್ಚು; ಹೀಗೆ ಮೂರು ತಲೆಮಾರು ಮನೆಯೊಳಗೇ ಇದ್ದರೂ ಮನೆಯವರ ಕಣ್ಣಿಗೆ ಅದು ಕಲೆಯಾಗಿ ಕಾಣಲಿಲ್ಲ; ಕಸುಬಾಗಿ ಕಂಡಿದ್ದರೂ ಆಗುತ್ತಿತ್ತು, ಅದಾಗಿಯೂ ಕಾಣಲಿಲ್ಲ.

ಬೆಂಗಳೂರಿನ ಪಶ್ಚಿಮದಂಚಿನ ಕೆಂಗೇರಿ ಉಪನಗರವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಹಳೆಯ ಕೆಂಗೇರಿಯ ಮಗ್ಗುಲಲ್ಲಿ, ಮೈಸೂರು ರಸ್ತೆಗೂ ವೃಷಭಾವತಿಯ ಹರಿವಿಗೂ ಸಮೀಪದಲ್ಲಿ, ಅಳತೆಯ ನಿವೇಶನಗಳಾಗಿ ಬೆಳೆದ ಬಡಾವಣೆಯಿದು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಚಿಕ್ಕಪೇಟೆಯ ದಾರದ ಅಂಗಡಿಗಳೂ ಮಾಮೂಲ್‌ಪೇಟೆಯ ಮಣಿಯಂಗಡಿಗಳೂ ಇಲ್ಲಿಯವರಿಗೆ ಮೊದಲಿಗಿಂತ ಹತ್ತಿರವಾದುವು. ಇಲ್ಲಿಯೂ, ಇದರಾಚೆಯ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿಯೂ, ದರ್ಜಿಯ ಅಂಗಡಿಯ ಬಾಗಿಲಿಗೋ ಮನೆಯ ಕಾಂಪೌಂಡಿನ ಗೇಟಿಗೋ ತೂಗುಹಾಕಿದ ಒಂದು ಪುಟ್ಟ ಫಲಕ ಸಾಮಾನ್ಯವಾದುದು: ಸೀರೆಗೆ ಕುಚ್ಚು ಹಾಕಿಕೊಡಲಾಗುವುದು. ಆ ಫಲಕದ ಹಿಂದೆ ಕುಳಿತಿರುವವಳು ಗೃಹಿಣಿ. ಅವಳ ಕೈಯಲ್ಲಿರುವುದು ಗೇಣುದ್ದದ ಒಂದು ಕ್ರೋಶಾ ಕಡ್ಡಿ.

ಅವಳು ಮಾಡುವುದೇನೆಂಬುದನ್ನು ಒಮ್ಮೆ ಗಮನವಿಟ್ಟು ನೋಡಿದವರು ವಿರಳ. ಸೆರಗಿನ ಅಂಚಿನ ಎಳೆಗಳೊಳಕ್ಕೆ ಕಡ್ಡಿಯ ಕೊಕ್ಕೆಯನ್ನು ತೂರಿಸಿ, ರೇಷ್ಮೆ ದಾರದಿಂದ ಸರಪಳಿಯನ್ನೂ ಅದರ ಮೇಲೆ ಕಂಬಗಳನ್ನೂ ಹೆಣೆದು, ಮೊದಲು ಒಂದು ತಳವನ್ನು ಸಿದ್ಧಪಡಿಸುತ್ತಾಳೆ. ಆ ತಳದ ಕಮಾನುಗಳಲ್ಲಿ ಗಾಜಿನ ಮಣಿ, ಲೋಹದ ಗುಂಡು, ಜರಿಯ ಎಳೆ, ಕೆಲವೊಮ್ಮೆ ಬಟ್ಟೆ ಸುತ್ತಿದ ಬಿಲ್ಲೆ, ಇವುಗಳನ್ನು ಕೂಡಿಸುತ್ತಾಳೆ. ಕಡೆಗೆ ಎಳೆಗಳ ಗೊಂಚಲನ್ನು ಮಡಿಸಿ, ಕೊರಳಿಗೆ ಜರಿ ಸುತ್ತಿ, ಕುಚ್ಚನ್ನು ಇಳಿಬಿಡುತ್ತಾಳೆ. ಮಗ್ಗದ ನೆಯ್ಗೆಯ ತುದಿಯಲ್ಲಿ ಹೆಣಿಗೆ, ಹೆಣಿಗೆಯಲ್ಲಿ ಗಾಜು, ಗಾಜಿನ ಕೆಳಗೆ ರೇಷ್ಮೆ. ಪಾಶ್ಚಾತ್ಯ ನಗರಗಳ ಪ್ರದರ್ಶನಶಾಲೆಗಳಲ್ಲಿ ‘ಮಿಶ್ರಮಾಧ್ಯಮದ ತಂತುಕಲೆ’ ಎಂಬ ಗಂಭೀರವಾದ ಹೆಸರಿನಿಂದ ತೂಗುಹಾಕುವ ಪದಾರ್ಥಕ್ಕೂ ಇದಕ್ಕೂ ಕಟ್ಟಡದ ಕ್ರಮದಲ್ಲಿ ಭೇದವೇನಿದೆ? ಕ್ರೋಶಾ ತಳವಾಗಿದೆ, ಅದರ ಮೇಲೆ ಬೇರೆ ಬೇರೆ ದ್ರವ್ಯಗಳು ಸೇರಿವೆ. ಭೇದವಿರುವುದು ಗೋಡೆಯಲ್ಲಿಯೂ ಬೆಲೆಚೀಟಿಯಲ್ಲಿಯೂ ಮಾತ್ರ.

ಬೆಲೆಯ ಮಾತು ಬಂದಿತಾದುದರಿಂದ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡುವುದು ಅನುಚಿತವಲ್ಲ. ಸೀರೆಯ ಅಗಲವನ್ನು ಸುಮಾರು 45 ಅಂಗುಲವೆಂದು ಹಿಡಿಯೋಣವಾಗಲಿ. ಅರ್ಧ ಅಂಗುಲಕ್ಕೊಂದರಂತೆ 90 ಕುಚ್ಚುಗಳು. ಒಂದೊಂದಕ್ಕೆ ಎರಡೇ ನಿಮಿಷವೆಂದರೂ ಮೂರು ಗಂಟೆ. ತಳದ ಹೆಣಿಗೆ, ಮಣಿ ಪೋಣಿಸುವುದು, ಬಣ್ಣ ಹೊಂದಿಸಿ ದಾರ ತರುವುದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕುವುದು, ಇವೆಲ್ಲವೂ ಇದಕ್ಕೆ ಹೊರತು. ಹತ್ತಾರು ಸಾವಿರ ರೂಪಾಯಿಗಳನ್ನು ತೆತ್ತು ಮದುವೆಯ ಸೀರೆಯನ್ನು ತಂದ ಕೈಗಳೇ ಈ ಅರ್ಧ ದಿನದ ದುಡಿಮೆಯ ಮುಂದೆ ನಿಂತು ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದು ಯಾವ ನ್ಯಾಯ? ಅಂಗಡಿಯ ಗಾಜಿನ ಬಾಗಿಲಿನೊಳಗೆ ಬೆಲೆ ಕೇಳಲು ನಾಚುವವರು ನೆರೆಮನೆಯಾಕೆಯೊಡನೆ ಮಾತ್ರ ನಿರ್ದಾಕ್ಷಿಣ್ಯವಾಗಿ ವಾದಿಸುತ್ತಾರೆ. ಕೇಳಿದರೆ ಸಿದ್ಧವಾದ ಉತ್ತರವಿದೆ: “ಮನೆಯಲ್ಲಿಯೇ ಕೂತು ಮಾಡುವುದಲ್ಲವೆ? ಮಧ್ಯಾಹ್ನದ ಹೊತ್ತು ಹೋಗಬೇಕಲ್ಲ!”

ಈ ಉತ್ತರ ಹೊಸದಲ್ಲ. ಇದರ ಚರಿತ್ರೆ ಲಿಖಿತವಾಗಿಯೇ ಇದೆ. ಆಂಧ್ರದ ಪಶ್ಚಿಮ ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನ್ನಿನವರು ಬಡ ಹೆಂಗಸರಿಗೆ ಕ್ರೋಶಾ ಲೇಸನ್ನು ಕಲಿಸಿದರು. ಅದು ಬೆಳೆದು ಹೊರದೇಶಗಳಿಗೆ ಹೋಗುವ ದೊಡ್ಡ ವ್ಯಾಪಾರವಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅಲ್ಲಿಗೆ ಹೋಗಿ ವಿಚಾರಿಸಿ ಬರೆದ ಗ್ರಂಥ 1982ರಲ್ಲಿ ಪ್ರಕಟವಾಯಿತು. ಆಕೆ ತೋರಿಸಿದ ಸಂಗತಿ ಸರಳವಾದುದು, ಆದರೆ ಕಹಿಯಾದುದು. ಮನೆಗೆಲಸವೆಲ್ಲವನ್ನೂ ಪೂರೈಸಿದ ಮೇಲೆ ದಿನಕ್ಕೆ ಹಲವು ಗಂಟೆಗಳ ಕಾಲ ಹೆಣೆಯುತ್ತಿದ್ದ ಹೆಂಗಸರನ್ನು ವರ್ತಕರು ಕೆಲಸಗಾರರೆಂದು ಕರೆಯುತ್ತಿರಲಿಲ್ಲ, ಗೃಹಿಣಿಯರೆಂದು ಕರೆಯುತ್ತಿದ್ದರು. ಗೃಹಿಣಿಗೆ ಕೂಲಿಯ ದರವೇಕೆ? ಬಿಡುವಿಗೆ ಬೆಲೆಯೇಕೆ? ಹೀಗೆ ಒಂದು ಮಾತಿನ ಮರೆಯಲ್ಲಿ ಲಾಭವೆಲ್ಲ ವ್ಯಾಪಾರಿಯ ಕಡೆಗೂ ಕಣ್ಣಿನ ಬೇನೆ, ಬೆನ್ನಿನ ನೋವುಗಳೆಲ್ಲ ಹೆಣೆಯುವವಳ ಕಡೆಗೂ ಹಂಚಿಕೆಯಾದುವು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮುದ್ರೆ ದೊರೆತಿದೆ. ಊರಿಗೆ ಹೆಸರಾಯಿತು, ಸಂತೋಷ. ಕೈಗಳಿಗೆ ಆದಷ್ಟು ಬೇಗನೆ ಅದು ತಲುಪಲೆಂದು ಹಾರೈಸುವುದು ಉಳಿದಿದೆ.

ಇನ್ನು ಪ್ರತಿಪಕ್ಷದವರ ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸಬೇಕು. ಮೊದಲನೆಯ ಆಕ್ಷೇಪ ದೇಶಾಭಿಮಾನಿಗಳದು. ಕ್ರೋಶಾ ಪರದೇಶದ ವಿದ್ಯೆ, ಪಾದ್ರಿಗಳ ಹೆಂಡಿರು ತಂದುದು. ಕರ್ನಾಟಕಕ್ಕೆ ಧಾರವಾಡ ಸೀಮೆಯ ಕಸೂತಿಯುಂಟು, ಸೊಂಡೂರಿನ ಲಂಬಾಣಿ ಕಸೂತಿಯುಂಟು, ಈ ಎರವಲು ಏಕೆ ಎಂಬುದು ಅವರ ವಾದ. ಹುಟ್ಟಿನಿಂದ ಜಾತಿಯನ್ನು ಗೊತ್ತುಮಾಡುವ ಅಭ್ಯಾಸ ಮನುಷ್ಯರ ವಿಷಯದಲ್ಲಿಯೇ ತಪ್ಪೆಂದಾದ ಮೇಲೆ ವಿದ್ಯೆಯ ವಿಷಯದಲ್ಲಿ ಅದು ಹೇಗೆ ಸರಿಯಾದೀತು? ಮೆಣಸಿನಕಾಯಿ ಸಮುದ್ರದಾಚೆಯಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದುದು. ಇಂದು ಬ್ಯಾಡಗಿಯ ಹೆಸರಿಲ್ಲದೆ ಕನ್ನಡಿಗರ ಸಾರಿನ ಪುಡಿಯಿಲ್ಲ. ಪಿಟೀಲು ಐರೋಪ್ಯ ವಾದ್ಯ. ಇಂದು ಅದಿಲ್ಲದೆ ಕರ್ಣಾಟಕ ಸಂಗೀತದ ಕಛೇರಿ ಭಣಭಣವೆನ್ನುತ್ತದೆ. ಯಾವುದನ್ನು ನಾಡು ತನ್ನ ರುಚಿಗೆ ಒಗ್ಗಿಸಿಕೊಂಡಿತೋ ಅದು ನಾಡಿನದು. ಯೂರೋಪಿನ ಮೇಜುಬಟ್ಟೆಯ ಅಂಚಾಗಿ ಬಂದ ಕ್ರೋಶಾವನ್ನು ಸೀರೆಯ ಸೆರಗಿಗೆ ಕುಚ್ಚಾಗಿ ಇಳಿಸಿದವರು ಇಲ್ಲಿಯ ಹೆಂಗಸರೇ. ಅದಕ್ಕಿಂತ ದೊಡ್ಡ ಒಗ್ಗಿಸುವಿಕೆ ಮತ್ತಾವುದು?

ಅದಲ್ಲದೆ, ಒಂದು ತಳದ ಮೇಲೆ ಅನ್ಯದ್ರವ್ಯಗಳನ್ನು ಸೇರಿಸಿ ಅರ್ಥವನ್ನು ಕಟ್ಟುವ ಕ್ರಮ ಈ ನಾಡಿಗೆ ಪರಕೀಯವೇ ಅಲ್ಲ. ಲಂಬಾಣಿ ಹೆಂಗಸು ಬಟ್ಟೆಯ ಮೇಲೆ ಕನ್ನಡಿ, ಕವಡೆ, ನಾಣ್ಯಗಳನ್ನು ಹೊಲಿದು ಉಡುತ್ತ ಬಂದಿದ್ದಾಳೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆಗಳೂ ಅಂಗಿಗಳೂ ಪದರ ಪದರವಾಗಿ ಸೇರಿ ಒಂದು ಮನೆತನದ ನೆನಪೇ ಹೊದಿಕೆಯಾಗುತ್ತದೆ. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ಚಿಂದಿಗಳಿಂದ ಕವದಿಯನ್ನು ಹೊಲಿಯುವಾಗ ಬಣ್ಣಗಳನ್ನು ಜೋಡಿಸುವ ಧೈರ್ಯಕ್ಕೆ ಚಿತ್ರಕಾರರು ಅಸೂಯೆಪಡಬೇಕು. ಮಿಶ್ರಣವೆಂದರೆ ಮೂಗುಮುರಿಯುವ ಶುದ್ಧವಾದಿಗಳು ಕಸೂತಿಯನ್ನೂ ಬಲ್ಲವರಲ್ಲ, ಕೌದಿಯನ್ನೂ ಬಲ್ಲವರಲ್ಲ.

ಎರಡನೆಯ ಆಕ್ಷೇಪ ಕಲಾವಿಮರ್ಶಕರದು. ಕ್ರೋಶಾ ಅಲಂಕಾರ ಮಾತ್ರ, ಅದರಲ್ಲಿ ರಚನೆಯ ಶಕ್ತಿಯಿಲ್ಲ ಎಂದು ಅವರು ಹೇಳುತ್ತಾರೆ. ಕಡ್ಡಿಯನ್ನು ಕೈಯಲ್ಲಿ ಹಿಡಿಯದವರ ಮಾತಿದು. ಮಗ್ಗದ ನೆಯ್ಗೆ ಹಾಸು ಹೊಕ್ಕುಗಳ ಚೌಕಟ್ಟನ್ನು ಮೀರಲಾರದು. ಎರಡು ಕಡ್ಡಿಯ ಉಣ್ಣೆಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲವೂ ಏಕಕಾಲಕ್ಕೆ ಕಡ್ಡಿಯ ಮೇಲೆ ನಿಂತಿರುತ್ತವೆ. ಒಂದು ಜಾರಿತೆಂದರೆ ಕೆಳಗಿನವರೆಗೂ ಬಿಚ್ಚುತ್ತದೆ. ಕ್ರೋಶಾದಲ್ಲಾದರೋ ಸಾಮಾನ್ಯವಾಗಿ ಒಂದೇ ಕುಣಿಕೆ ಜೀವಂತವಾಗಿರುತ್ತದೆ. ಉಳಿದುವೆಲ್ಲ ಆಗಲೇ ಗಂಟಾಗಿ ನೆಲೆನಿಂತಿರುತ್ತವೆ. ಆದುದರಿಂದ ಹೆಣೆಯುವವಳು ಬಟ್ಟೆಯ ಯಾವ ಬಿಂದುವಿನಿಂದಲಾದರೂ ಹೊಸದಾಗಿ ಹೊರಡಬಹುದು, ಪಕ್ಕಕ್ಕೆ ತಿರುಗಬಹುದು, ಮೇಲಕ್ಕೆದ್ದು ಬಟ್ಟಲಾಗಬಹುದು, ಕೊಳವೆಯಾಗಬಹುದು. ದಾರವೇ ಆಗಬೇಕೆಂಬ ನಿರ್ಬಂಧವೂ ಇಲ್ಲ. ಸೆಣಬಿನ ಹುರಿ, ತೆಂಗಿನ ನಾರು, ತೆಳುವಾದ ತಾಮ್ರದ ತಂತಿ, ಹಳೆಯ ಸೀರೆಯನ್ನು ಹರಿದ ಪಟ್ಟಿ, ಉದ್ದವಾಗಿ ಬಾಗುವ ಏನನ್ನಾದರೂ ಕೊಕ್ಕೆ ಒಪ್ಪಿಕೊಳ್ಳುತ್ತದೆ. ಹೆಣಿಗೆಯ ಮಧ್ಯದ ರಂಧ್ರಗಳೇ ಅನ್ಯವಸ್ತುಗಳಿಗೆ ಬಾಗಿಲು. ತಳವೆನಿಸಿಕೊಳ್ಳಲು ಇದಕ್ಕಿಂತ ಯೋಗ್ಯತೆ ಇನ್ನೇನು ಬೇಕು?

ಗಣಿತಜ್ಞರಿಗೆ ಕಂಡ ಈ ಶಕ್ತಿ ಕಲಾವಿಮರ್ಶಕರಿಗೆ ಕಾಣದಿರುವುದು ಸೋಜಿಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಲಾಟ್ವಿಯಾ ದೇಶದ ಗಣಿತಜ್ಞೆ ದೈನಾ ತೈಮಿನಾ 1997ರಲ್ಲಿ ಅತಿಪರವಲಯ ರೇಖಾಗಣಿತದ ಮೇಲ್ಮೈಯನ್ನು, ಕಾಗದದಲ್ಲಿ ಮಾಡಿದರೆ ಹರಿದುಹೋಗುವ ಆ ಆಕೃತಿಯನ್ನು, ಕ್ರೋಶಾದಿಂದ ಹೆಣೆದು ವಿದ್ಯಾರ್ಥಿಗಳ ಕೈಗಿತ್ತಳು. ಸಾಲುಸಾಲಿಗೂ ಒಂದೇ ಪ್ರಮಾಣದಲ್ಲಿ ಹೊಲಿಗೆಗಳನ್ನು ಹೆಚ್ಚಿಸುತ್ತ ಹೋದರೆ ಬಟ್ಟೆ ತಾನಾಗಿ ಅಲೆಯಲೆಯಾಗಿ ಮಡಿಚಿಕೊಳ್ಳುತ್ತದೆ. ಸಮುದ್ರದ ಹವಳಗಳ ಆಕಾರವೂ ಅದೇ ಬಗೆಯದು. ಈ ಎಳೆಯನ್ನು ಹಿಡಿದು ಮಾರ್ಗರೆಟ್, ಕ್ರಿಸ್ಟೀನ್ ವರ್ತೈಮ್ ಎಂಬ ಸೋದರಿಯರು 2005ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ರೋಶಾ ಹವಳದಿಬ್ಬವನ್ನು ಆರಂಭಿಸಿದರು. ಉಣ್ಣೆ, ಹತ್ತಿಗಳೊಡನೆ ಪ್ಲಾಸ್ಟಿಕ್ ಕಸವನ್ನೂ ಹೆಣೆದು ಸಾಯುತ್ತಿರುವ ಸಮುದ್ರವನ್ನು ಕಣ್ಣಿಗೆ ಕಟ್ಟಿದರು. 2019ರಲ್ಲಿ ಅದು ವೆನಿಸ್ ನಗರದ ದ್ವೈವಾರ್ಷಿಕ ಪ್ರದರ್ಶನವನ್ನು ಸೇರಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಜಗತ್ತಿನ ನಾನಾ ಊರುಗಳಲ್ಲಿ ಸಾವಿರಾರು ಮಂದಿ ಹೆಣೆದುಕೊಟ್ಟ ಈ ಕೃತಿಯಲ್ಲಿ ಹೆಣೆದವರ ಹೆಸರುಗಳನ್ನು ಪಟ್ಟಿ ಮಾಡಿ ತೋರಿಸುವ ಪದ್ಧತಿಯಿದೆ. ಸಾವಿರ ಹೆಸರುಗಳಿಗೆ ಗೋಡೆಯಲ್ಲಿ ಜಾಗವುಂಟಾದರೆ ಒಂದು ಹೆಸರಿಗೆ ಜಾಗವಿಲ್ಲವೆಂಬವರ ಮಾತನ್ನು ಹೇಗೆ ನಂಬುವುದು?

ಭಾರತದಲ್ಲಿಯೇ ದೃಷ್ಟಾಂತಗಳಿಗೆ ಬರವಿಲ್ಲ. ಮೃಣಾಲಿನಿ ಮುಖರ್ಜಿ (1949–2015) ಸೆಣಬಿನ ಹುರಿಯನ್ನು ಕೈಯಿಂದಲೇ ಗಂಟುಹಾಕಿ ಆಳೆತ್ತರದ ಶಿಲ್ಪಗಳನ್ನು ನಿಲ್ಲಿಸಿದಳು. ಬಹುಕಾಲ ‘ಕುಶಲಕೆಲಸ’ವೆಂದು ಪಕ್ಕಕ್ಕಿಟ್ಟಿದ್ದ ಆ ಶಿಲ್ಪಗಳಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2019ರಲ್ಲಿ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತು, ಅಷ್ಟುಹೊತ್ತಿಗೆ ಕಲಾವಿದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಸೂಜಿಗಳ ಕಣ್ಣಿನಲ್ಲಿ ಹಾಯಿಸಿದ ದಾರಗಳನ್ನು ಕುಂಕುಮದ ಕೆಂಪಿನಲ್ಲಿ ಒಂದುಗೂಡಿಸಿ ಹಗ್ಗವಾಗಿಸಿದರು. ವಾಹನಗಳಿಗೆ ದೃಷ್ಟಿಯಾಗದಂತೆ ಕಟ್ಟುವ ಕೂದಲ ಹುರಿಯನ್ನು ಮೋಟಾರುಗಾಡಿಯ ಬಂಪರುಗಳೊಡನೆ ಸೇರಿಸಿ 2009ರಲ್ಲಿ ವೆನಿಸ್ಸಿನಲ್ಲಿ ನಿಲ್ಲಿಸಿದರು. ಇವರಿಬ್ಬರದೂ ಕ್ರೋಶಾ ಅಲ್ಲ, ನಿಜ. ಆದರೆ ಮನೆಯೊಳಗಿನ ದಾರ, ಬೀದಿಯ ಹುರಿ, ಹೆಂಗಸಿನ ಕೈಯ ಸೂಜಿ, ಇವುಗಳಿಂದ ಗಂಭೀರವಾದ ಕಲೆ ಹುಟ್ಟುವುದಿಲ್ಲವೆಂಬ ವಾದಕ್ಕೆ ಇವರು ಎಂದೋ ಉತ್ತರವಿತ್ತಾಗಿದೆ.

ಮೂರನೆಯದು ಆಕ್ಷೇಪವಲ್ಲ, ಅತ್ಯುತ್ಸಾಹ. ಅದು ಉಪೇಕ್ಷೆಗಿಂತ ಕಡಿಮೆ ಕೆಡುಕಲ್ಲ. ಮಿಶ್ರಮಾಧ್ಯಮವೆಂಬ ಮಾತನ್ನು ಕೇಳಿದೊಡನೆಯೇ ಒಂದು ಹೆಣಿಗೆಯ ತುಂಡಿನ ಮೇಲೆ ಗುಂಡಿ, ಗರಿ, ಚಿಪ್ಪು, ಒಣಗಿದ ಎಲೆಗಳನ್ನು ಬಿಸಿಗೋಂದಿನಿಂದ ಅಂಟಿಸಿ ಕಲೆಯೆಂದು ಸಾರುವವರ ಗುಂಪೊಂದು ಬೆಳೆಯುತ್ತಿದೆ. ಇಲ್ಲಿ ಕ್ರೋಶಾ ತಳವಲ್ಲ, ನೆಪ. ರಟ್ಟಿನ ಹಲಗೆಯಿದ್ದಿದ್ದರೂ ಅದೇ ಆಗುತ್ತಿತ್ತು. ತಳವೆಂದರೆ ಭಾರವನ್ನು ಹೊರುವುದು. ಹೆಣಿಗೆ ಸ್ವಭಾವದಿಂದ ಹಿಗ್ಗುವ ಬಟ್ಟೆ. ತೂಗುಹಾಕಿ ಭಾರ ಕಟ್ಟಿದರೆ ತಿಂಗಳೊಳಗೆ ಜೋಲುತ್ತದೆ. ಆದುದರಿಂದ ಭಾರ ಬೀಳುವ ಕಡೆ ಗಿಡ್ಡ ಹೆಣಿಗೆಯನ್ನು ಬಿಗಿಯಾಗಿ ಹಾಕಬೇಕು, ಅಂಚನ್ನು ಎರಡು ಸಲ ಕಟ್ಟಬೇಕು, ಹೆಚ್ಚಿನ ಭಾರವನ್ನು ಬಿದಿರಿನ ದಬ್ಬೆಗೋ ಬಳೆಗೋ ಒಪ್ಪಿಸಬೇಕು. ಮಣಿಯನ್ನು ಮೇಲೆ ಅಂಟಿಸುವ ಬದಲು ದಾರಕ್ಕೆ ಮೊದಲೇ ಪೋಣಿಸಿಕೊಂಡು ಹೊಲಿಗೆಯೊಳಗೆ ಬಿಗಿದರೆ ಅದು ಹೆಣಿಗೆಯ ಅಂಗವಾಗುತ್ತದೆ. ಗಾಜಿನ ಮಣಿಯ ಒಡೆದ ಬಾಯಿ ಹತ್ತಿಯ ದಾರವನ್ನು ಕೊಯ್ಯುತ್ತದೆ. ತೇವ ಕಂಡ ತಾಮ್ರ ಕಿಲುಬುಗಟ್ಟಿ ರೇಷ್ಮೆಗೆ ಕಲೆಯೇರಿಸುತ್ತದೆ. ಅಕ್ರಿಲಿಕ್ ನೂಲಿಗೆ ಇಸ್ತ್ರಿ ಸೋಕಿದರೆ ಕರಗುತ್ತದೆ. ಇವನ್ನು ಅರಿಯದೆ ಮಿಶ್ರಮಾಡುವವನು ಅಡುಗೆಯನ್ನರಿಯದೆ ಒಗ್ಗರಣೆ ಹಾಕಿದಂತೆ. ಕುಚ್ಚಿನ ಹೆಂಗಸು ಇವೆಲ್ಲವನ್ನೂ ಬಲ್ಲಳು. ಯಾವ ಮಣಿಗೆ ಎಷ್ಟು ಎಳೆ, ಯಾವ ಸೀರೆಗೆ ಎಷ್ಟು ಭಾರ ಎಂಬುದು ಅವಳ ಬೆರಳಿಗೆ ಗೊತ್ತು. ಸಂಘಸಂಸ್ಥೆಗಳವರು ತರಬೇತಿಯೆಂದು ಹೊರಗಿನವರನ್ನು ಕರೆಯಿಸಿ ಅವಳಿಗೆ ಪಾಠ ಹೇಳಿಸುವುದಕ್ಕೆ ಬದಲಾಗಿ ಅವಳನ್ನೇ ಗುರುವಿನ ಮಣೆಯ ಮೇಲೆ ಕುಳ್ಳಿರಿಸಬೇಕಾದುದು ಯುಕ್ತ.

ದ್ರವ್ಯಕ್ಕೆ ಕೆಂಗೇರಿಯವರು ದೂರ ಅಲೆಯಬೇಕಾದುದಿಲ್ಲ. ಮೈಸೂರು ರಸ್ತೆಯಲ್ಲಿಯೇ ಮುಂದೆ ಹೋದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ. ಅದರಾಚೆ ಚನ್ನಪಟ್ಟಣ, ಅರಗಿನ ಬಣ್ಣದ ಮರದ ಮಣಿಗಳ ತವರು. ಹಿಂದಕ್ಕೆ ಬಂದರೆ ಅದೇ ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳ ಕತ್ತರಿಚೂರು. ಚೂರು ಬಟ್ಟೆಯ ಪಟ್ಟಿಯಿಂದ ತಳ, ಬಿಚ್ಚುನೂಲಿನಿಂದ ಗೊಂಚಲು, ಚನ್ನಪಟ್ಟಣದ ಮಣಿಯಿಂದ ಭಾರ: ಮೂರು ಊರಿನ ದುಡಿಮೆಯನ್ನು ಒಂದು ಕೊಕ್ಕೆ ಕೂಡಿಸಬಲ್ಲುದು. ಅಂಥ ಕೃತಿ ಹತ್ತಿರದ ಮೆಟ್ರೋ ನಿಲ್ದಾಣದ ಗೋಡೆಯಲ್ಲಿ ತೂಗಿದರೆ ಯಾವ ಆಮದಿನ ಚಿತ್ರಕ್ಕೂ ಕಡಮೆಯಾಗದು. ವೃಷಭಾವತಿಯ ಕಪ್ಪುನೀರನ್ನು ದಿನವೂ ದಾಟುವ ಜನಕ್ಕೆ ಆ ನದಿಯ ಕಥೆಯನ್ನು ನಾರಿನಲ್ಲಿಯೇ ಹೇಳಬಹುದು.

ಆದರೆ ಇಲ್ಲಿಯೇ ಎಚ್ಚರವೂ ಬೇಕು. ಹೆಸರುವಾಸಿಯಾದ ಕಲಾವಿದನೊಬ್ಬ ನಕ್ಷೆಯನ್ನು ಕೊಟ್ಟು, ಮನೆಮನೆಯ ಹೆಂಗಸರಿಂದ ತುಂಡಿನ ಲೆಕ್ಕದಲ್ಲಿ ಹೆಣೆಯಿಸಿ, ಕಡೆಯಲ್ಲಿ ತನ್ನ ಹೆಸರೊಂದನ್ನೇ ಕೆಳಗೆ ಬರೆದುಕೊಂಡರೆ ನರಸಾಪುರದ ಕಥೆ ಕಲೆಯ ವೇಷದಲ್ಲಿ ಮತ್ತೊಮ್ಮೆ ನಡೆದಂತಾಯಿತು. ಕ್ರೋಶಾವನ್ನು ಹೊಲಿಗೆಗೆ ಹೊಲಿಗೆಯಾಗಿ ಕೈಯಂತೆಯೇ ಹೆಣೆಯುವ ಯಂತ್ರ ಮಾರುಕಟ್ಟೆಯ ಬಳಕೆಯಲ್ಲಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಪ್ರತಿಯೊಂದು ನಿಜವಾದ ಕ್ರೋಶಾ ಚೂರಿನ ಹಿಂದೆಯೂ ಯಾರದೋ ಕೈಯಿದೆ, ಯಾರದೋ ಗಂಟೆಗಳಿವೆ. ಮನೆಯಲ್ಲಿ ಕುಳಿತು ದುಡಿಯುವವರಿಗೆ ಇತರ ಕೂಲಿಗಾರರಿಗೆ ಸಮನಾದ ನಡವಳಿಕೆ ಸಲ್ಲಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿಯೇ ಒಡಂಬಡಿಕೆಯೊಂದನ್ನು ಮಾಡಿತು. ಭಾರತ ಅದಕ್ಕೆ ಇನ್ನೂ ಅಂಕಿತ ಹಾಕಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ನಡೆಯಿಸಿ, ಕುಶಲಕರ್ಮಿಯೂ ಕಲಾವಿದನೇ ಎಂಬುದನ್ನು ದೇಶಕ್ಕೆ ತಿಳಿಯಹೇಳಿದರು. ಅವರ ತವರುನಾಡಿನಲ್ಲಿ ಕುಚ್ಚು ಹೆಣೆಯುವವಳು ಕಲಾವಿದರ ಪಟ್ಟಿಯಲ್ಲಿಯೂ ಇಲ್ಲ, ಕೂಲಿಗಾರರ ಪಟ್ಟಿಯಲ್ಲಿಯೂ ಇಲ್ಲ.

ಆಗಬೇಕಾದುದು ಅಸಾಧ್ಯವಾದುದೇನೂ ಅಲ್ಲ. ಚಿತ್ರಸಂತೆಗಳಲ್ಲಿಯೂ ಅಕಾಡೆಮಿಗಳ ವಾರ್ಷಿಕ ಪ್ರದರ್ಶನಗಳಲ್ಲಿಯೂ ತಂತುಕಲೆಗೆ ತನ್ನದೇ ಆದ ಸ್ಥಾನವಿರಲಿ. ಅದರಲ್ಲಿ ಪದವಿಯಿಲ್ಲದ ಹೆಣಿಗೆಗಾರ್ತಿಗೂ ಪ್ರವೇಶವಿರಲಿ. ಕೃತಿಯ ಕೆಳಗೆ ನಕ್ಷೆ ಬರೆದವನ ಹೆಸರಿನೊಡನೆ ಹೆಣೆದವಳ ಹೆಸರೂ ಅದೇ ಅಳತೆಯ ಅಕ್ಷರದಲ್ಲಿರಲಿ. ಕೂಲಿಯನ್ನು ಕುಚ್ಚಿನ ಸಂಖ್ಯೆಯಿಂದ ಎಣಿಸದೆ ಗಂಟೆಯಿಂದ ಎಣಿಸಲಿ. ಕಲಾಶಾಲೆಗಳು ಕ್ರೋಶಾವನ್ನು ಗೃಹವಿಜ್ಞಾನದ ಮೂಲೆಯಿಂದ ಎತ್ತಿ ಶಿಲ್ಪದ ತರಗತಿಗೆ ತರಲಿ.

ಇವು ಸಂಸ್ಥೆಗಳ ಕರ್ತವ್ಯ. ಮನೆತನಗಳ ಕರ್ತವ್ಯ ಇದಕ್ಕಿಂತ ಸುಲಭ, ಆದುದರಿಂದಲೇ ತಪ್ಪಿಸಿಕೊಳ್ಳಲು ಆಸ್ಪದವಿಲ್ಲದ್ದು. ಮುಂದಿನ ಶುಭಕಾರ್ಯಕ್ಕೆ ಸೀರೆಯನ್ನು ಕುಚ್ಚಿಗೆ ಕೊಡುವಾಗ ಗೃಹಿಣಿಯು ಗೃಹಿಣಿಯನ್ನು ಕೇಳತಕ್ಕ ಪ್ರಶ್ನೆ “ಎಷ್ಟಕ್ಕೆ ಮಾಡಿಕೊಡುತ್ತೀರಿ?” ಎಂಬುದಲ್ಲ, “ಎಷ್ಟು ಹೊತ್ತು ಹಿಡಿಯುತ್ತದೆ?” ಎಂಬುದು. ಉತ್ತರವನ್ನು ಕೇಳಿಕೊಂಡು, ತನ್ನ ಮನೆಯವರು ಅಷ್ಟೇ ಹೊತ್ತಿಗೆ ಕಛೇರಿಯಲ್ಲಿ ಗಳಿಸುವುದನ್ನು ಮನಸ್ಸಿನಲ್ಲಿ ತೂಗಿ, ಆಮೇಲೆ ಕೈಚೀಲದ ಬಾಯನ್ನು ತೆರೆಯಲಿ. ‘ಬಿಡುವಿನ ಕೆಲಸ’ವೆಂಬ ಮಾತು ಅಂದಿಗೆ ಆ ಮನೆಯಿಂದ ತಾನಾಗಿಯೇ ಹೊರಟುಹೋಗುವುದು.